ಎಲ್‌ಡಬ್ಲ್ಯೂಐಪಿ ಬಿಲ್ಡ್: ವಾರ್ನಿಂಗ್ ಓದೋದು ಹೇಗೆ, ಕಂಪೈಲರ್ ಬಾಯಿಬಿಡದ ಕಡೆ ತಪ್ಪು ಹಿಡಿಯೋದು ಹೇಗೆ

ಮೊನ್ನೆ ಜೂನಿಯರ್ ಹುಡುಗ ಒಬ್ಬ ಫೋನ್ ಮಾಡಿದ್ದ, "ಸರ್, ಬೋರ್ಡ್‌ಗೆ ಪಿಂಗ್ ಹೋಗ್ತಿಲ್ಲ, ಬಿಲ್ಡ್ ನೋಡಿದ್ರೆ ಕ್ಲೀನಾಗಿದೆ, ಒಂದು ವಾರ್ನಿಂಗೂ ಇಲ್ಲ" ಅಂತ. ವಾರ್ನಿಂಗ್ ಫ್ಲಾಗ್ ಯಾವ್ಯಾವ್ದು ಹಾಕಿದೀಯಪ್ಪ ಅಂದೆ. ಒಂದೂ ಹಾಕಿರ್ಲಿಲ್ಲ. ಅವನ ತೊಂದ್ರೆ ಏನಾಗಿತ್ತು ಅಂತ ಮುಂದೆ ಹೇಳ್ತೀನಿ. ಅವನಿಗೆ ಫೋನಲ್ಲಿ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೀತಿದೀನಿ, ಯಾಕಂದ್ರೆ ಚಿಕ್ಕ ಬೋರ್ಡ್ ಮೇಲೆ ನೆಟ್‌ವರ್ಕ್ ಎಬ್ಬಿಸೋಕೆ ಒದ್ದಾಡೋ ಎಲ್ರೂ ಒಂದಲ್ಲ ಒಂದು ದಿನ ಇದೇ ಗುಂಡಿಗೆ ಬೀಳ್ತಾರೆ.

ಎಲ್‌ಡಬ್ಲ್ಯೂಐಪಿ ಗೊತ್ತಿಲ್ದೇ ಇರೋರಿಗೆ ಎರಡು ಮಾತು. ಇದು ಮೈಕ್ರೋಕಂಟ್ರೋಲರ್‌ಗಳಲ್ಲಿ ಓಡೋ ಚಿಕ್ಕ ಟಿಸಿಪಿ/ಐಪಿ ಸ್ಟ್ಯಾಕ್. ಸ್ವೀಡನ್‌ನ ಇನ್‌ಸ್ಟಿಟ್ಯೂಟ್ ಆಫ್ ಕಂಪ್ಯೂಟರ್ ಸೈನ್ಸ್‌ನಲ್ಲಿ ಆಡಮ್ ಡಂಕೆಲ್ಸ್ ಶುರು ಮಾಡಿದ್ದು, ಸಿ ಭಾಷೆ, ಬಿಎಸ್‌ಡಿ ಲೈಸೆನ್ಸ್, 2.2.0 ವರ್ಷನ್ 2023ರಲ್ಲಿ ಬಂತು. ಕೆಲವೇ ಹತ್ತು ಕಿಲೋಬೈಟ್ ರ‍್ಯಾಮ್ ಇರೋ ಚಿಪ್‌ನಲ್ಲೂ ಕೂರತ್ತೆ. ಹಂಗೆ ಕೂರ್ಬೇಕು ಅಂದ್ರೆ ಬೇಡದ್ದನ್ನೆಲ್ಲ ಬಿಲ್ಡ್ ಟೈಮಲ್ಲೇ ಕತ್ತರಿಸಿ ಹಾಕ್ಬೇಕು, ಅದಕ್ಕೇ ಇದರಲ್ಲಿ ಎಲ್ಲವೂ ಮ್ಯಾಕ್ರೋ, ಅಂದ್ರೆ ಕಂಪೈಲ್‌ಗೆ ಮುಂಚೆಯೇ ತನ್ನ ಬೆಲೆ ಕೂರಿಸ್ಕೊಳೋ ಹೆಸರು. ಸುಖ, ಕಷ್ಟ ಎರಡೂ ಇರೋದು ಅಲ್ಲೇ.

ಫ್ಲಾಗ್‌ಗಳನ್ನ, ಮ್ಯಾಕ್ರೋಗಳನ್ನ ಬಾಯಲ್ಲಿ ಹೇಳೋ ಥರ ಬರೆದಿದೀನಿ. ವಾರ್ನಿಂಗ್ ಫ್ಲಾಗ್ ಟೈಪ್ ಮಾಡೋವಾಗ ಮುಂದೆ ಒಂದು ಡ್ಯಾಶ್, ಡಬ್ಲ್ಯೂ ಕ್ಯಾಪಿಟಲ್, ಮಿಕ್ಕಿದ್ದು ಸ್ಮಾಲ್, ಡಬ್ಲ್ಯೂ ಆದ ತಕ್ಷಣ ನಾನು ಹಾಕಿರೋ ಡ್ಯಾಶ್ ಟೈಪ್ ಮಾಡೋದು ಬೇಡ. ಮ್ಯಾಕ್ರೋ ಆದ್ರೆ ಎಲ್ಲಾ ಕ್ಯಾಪಿಟಲ್, ಮಧ್ಯ ಅಂಡರ್‌ಸ್ಕೋರ್.

ಮೊದ್ಲು ಕಾನ್ಫಿಗ್, ಆಮೇಲೆ ವಾರ್ನಿಂಗ್

ಎಲ್‌ಡಬ್ಲ್ಯೂಐಪಿಯಲ್ಲಿ ನಮ್ಮ ಸೆಟ್ಟಿಂಗ್ ಎಲ್ಲ ಒಂದೇ ಹೆಡರ್ ಫೈಲಲ್ಲಿ ಇರತ್ತೆ, ಹೆಸರು ಎಲ್‌ಡಬ್ಲ್ಯೂಐಪಿ-ಆಪ್ಟ್ಸ್. ನಾವು ಅದರಲ್ಲಿ ಏನು ಬರೆದಿಲ್ವೋ ಅದಕ್ಕೆ ಸ್ಟ್ಯಾಕ್‌ನ ಜೊತೆ ಬರೋ ಆಪ್ಟ್ ಅನ್ನೋ ಹೆಡರ್ ಡೀಫಾಲ್ಟ್ ಬೆಲೆ ಹಾಕ್ಕೊಳತ್ತೆ. ಕೇಳೋಕೆ ಚೆನ್ನಾಗಿದೆ, ಆದ್ರೆ ಒಂದು ಸ್ಪೆಲ್ಲಿಂಗ್ ತಪ್ಪಿದ್ರೆ? ಟಿಸಿಪಿ ಕನೆಕ್ಷನ್ ಎಷ್ಟು ಬೇಕು ಅನ್ನೋ ಮ್ಯಾಕ್ರೋ ಮೆಮ್‌ಪಿ-ನಮ್-ಟಿಸಿಪಿ-ಪಿಸಿಬಿ (ಪಿಸಿಬಿ ಅಂದ್ರೆ ಇಲ್ಲಿ ಸರ್ಕ್ಯೂಟ್ ಬೋರ್ಡ್ ಅಲ್ಲ, ಒಂದು ಕನೆಕ್ಷನ್‌ನ ಲೆಕ್ಕ ಇಡೋ ಸ್ಟ್ರಕ್ಟ್). ಕೊನೇಲಿ ಒಂದು ಎಸ್ ಸೇರಿಸಿ "ಪಿಸಿಬಿಎಸ್" ಅಂತ ಬರೆದು 20 ಕೊಟ್ರಿ ಅನ್ಕೊಳಿ. ಕಂಪೈಲರ್‌ಗೆ ಅದು ಯಾರೂ ಬಳಸದ ಒಂದು ಮ್ಯಾಕ್ರೋ ಅಷ್ಟೇ, ಯಾವ ವಾರ್ನಿಂಗೂ ಬರಲ್ಲ, ಸ್ಟ್ಯಾಕ್ ತನ್ನ ಡೀಫಾಲ್ಟ್ 5 ಹಾಕ್ಕೊಂಡು ಹೋಗತ್ತೆ, ಆರನೇ ಕ್ಲೈಂಟ್ ಬಂದಾಗ ಏನೋ ವಿಚಿತ್ರ ಆಗತ್ತೆ. ಬಳಸದ ಮ್ಯಾಕ್ರೋ ಹೇಳೋ ಡಬ್ಲ್ಯೂ-ಅನ್‌ಯೂಸ್ಡ್-ಮ್ಯಾಕ್ರೋಸ್ ಅಂತ ಒಂದು ಫ್ಲಾಗ್ ಇದೆ ನಿಜ, ಅದು ಸಿ ಫೈಲ್ ಒಳಗೇ ಡಿಫೈನ್ ಮಾಡಿದ್ದನ್ನ ಮಾತ್ರ ನೋಡತ್ತೆ, ಹೆಡರ್‌ನಲ್ಲಿ ಇರೋದನ್ನ ನೋಡಲ್ಲ. ಹಾಗಾಗಿ ಇಲ್ಲಿ ಕಂಪೈಲರ್ ನಂಬ್ಕೊಂಡು ಕೂರೋ ಹಾಗಿಲ್ಲ.

ಮಾಡ್ಬೇಕಾದ್ದು ಹೀಗೆ. ಎಲ್‌ಡಬ್ಲ್ಯೂಐಪಿಯ ಆಪ್ಟ್ ಹೆಡರ್ ಒಂದನ್ನೇ ಇನ್‌ಕ್ಲೂಡ್ ಮಾಡೋ ಖಾಲಿ ಸಿ ಫೈಲ್ ಬರೀರಿ, ನಿಮ್ಮ ಬಿಲ್ಡ್‌ನ ಅದೇ ಇನ್‌ಕ್ಲೂಡ್ ಪಾತ್ ಕೊಟ್ಟು ಪ್ರೀಪ್ರೊಸೆಸರ್ ಮಾತ್ರ ಓಡಿಸಿ, ಅಂದ್ರೆ ಡ್ಯಾಶ್ ಕ್ಯಾಪಿಟಲ್ ಇ ಮತ್ತು ಡ್ಯಾಶ್ ಸ್ಮಾಲ್ ಡಿ ಕ್ಯಾಪಿಟಲ್ ಎಂ. ಕೊನೆಗೆ ಯಾವ ಮ್ಯಾಕ್ರೋಗೆ ಯಾವ ಬೆಲೆ ನಿಂತಿದೆ ಅನ್ನೋ ಪೂರ್ತಿ ಪಟ್ಟಿ ಹೊರಗೆ ಬರತ್ತೆ. ಅದನ್ನ ಸಾರ್ಟ್ ಮಾಡಿ ಗಿಟ್‌ಗೆ ಹಾಕಿಡಿ. ಮುಂದೆ ಯಾರಾದ್ರೂ ಸೆಟ್ಟಿಂಗ್ ಬದಲಾಯಿಸಿದ್ರೆ, ಇಲ್ಲಾ ಸ್ಟ್ಯಾಕ್ ಅಪ್‌ಗ್ರೇಡ್ ಮಾಡಿದ್ರೆ, ಡಿಫ್‌ನಲ್ಲಿ ನಿಜವಾಗ್ಲೂ ಏನು ಬದಲಾಯ್ತು ಅಂತ ಕಣ್ಣಿಗೆ ಕಾಣತ್ತೆ. ಜೊತೆಗೆ ಒಂದು ಹತ್ತು ಸಾಲಿನ ಸ್ಕ್ರಿಪ್ಟ್, ನಮ್ಮ ಆಪ್ಟ್ಸ್ ಫೈಲಲ್ಲಿರೋ ಪ್ರತಿ ಹೆಸರೂ ಸ್ಟ್ಯಾಕ್‌ನ ಸೋರ್ಸಲ್ಲಿ ಎಲ್ಲಾದ್ರೂ ಒಂದು ಕಡೆ ಇದ್ಯಾ ಅಂತ ಗ್ರೆಪ್ ಮಾಡ್ಲಿ, ಇಲ್ಲ ಅಂದ್ರೆ ಬಿಲ್ಡ್ ನಿಲ್ಲಿಸ್ಲಿ. ಅರ್ಧ ಗಂಟೆ ಕೆಲಸ ಅಷ್ಟೇ.

ಎರಡನೇದು, ಸ್ಟ್ಯಾಕ್ ತಾನೇ ಮಾಡೋ ಚೆಕ್‌ಗಳನ್ನ ಆಫ್ ಮಾಡ್ಬೇಡಿ. ಇನಿಟ್ ಅನ್ನೋ ಸಿ ಫೈಲಲ್ಲಿ ಒಂದು ದೊಡ್ಡ ಸಾಲು ಸ್ಯಾನಿಟಿ ಚೆಕ್ ಇದೆ. ಉದಾಹರಣೆಗೆ ಎಂಎಸ್‌ಎಸ್, ಅಂದ್ರೆ ಒಂದು ಟಿಸಿಪಿ ಸೆಗ್ಮೆಂಟ್‌ನಲ್ಲಿ ಹೋಗೋ ಗರಿಷ್ಠ ಡೇಟಾ, 1460 ಮಾಡಿ (ಈಥರ್‌ನೆಟ್ ಫ್ರೇಮ್ ಹೊರೋ 1500ರಲ್ಲಿ ಐಪಿಗೆ 20, ಟಿಸಿಪಿಗೆ 20 ಕಳೆದ್ರೆ ಅಷ್ಟು) ಸೆಂಡ್ ಬಫರ್‌ನ ಅದರ ಎಂಟರಷ್ಟು ಮಾಡಿದ್ರಿ ಅಂದ್ರೆ, ಸೆಂಡ್ ಕ್ಯೂ ಉದ್ದ ತಾನೇ ಲೆಕ್ಕ ಹಾಕ್ಕೊಂಡು 32 ಆಗತ್ತೆ, ಆದ್ರೆ ಟಿಸಿಪಿ ಸೆಗ್ಮೆಂಟ್ ಪೂಲ್ ಡೀಫಾಲ್ಟ್ 16ರಲ್ಲೇ ಕೂತಿರತ್ತೆ. ಆಗ ಬಿಲ್ಡ್ ಅಲ್ಲೇ ನಿಂತು, ಪೂಲ್ ಸಾಲದು, ಏನ್ಮಾಡ್ತಿದೀನಿ ಅಂತ ನಿಮಗೆ ಗೊತ್ತಿದ್ರೆ ಈ ಚೆಕ್ ಡಿಸೇಬಲ್ ಮಾಡ್ಕೊಳಿ ಅಂತ ಮೆಸೇಜ್ ಬರತ್ತೆ. ಜನ ಕೊನೇ ಭಾಗ ಮಾತ್ರ ಓದಿ ಡಿಸೇಬಲ್ ಮಾಡಿ ಮುಂದಕ್ಕೆ ಹೋಗ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ, ಪೂಲ್ 32 ಮಾಡಿ, ರ‍್ಯಾಮ್ ಸಾಲ್ದೇ ಹೋದ್ರೆ ಬಫರ್ ಇಳಿಸಿ.

ಈಗ ಫ್ಲಾಗ್‌ಗಳು

ಡಬ್ಲ್ಯೂ-ಆಲ್, ಡಬ್ಲ್ಯೂ-ಎಕ್ಸ್ಟ್ರಾ ಎರಡೂ ಹಾಕ್ಲೇಬೇಕು. "ಆಲ್" ಅಂತ ಹೆಸರಿದ್ರೂ ಅದರಲ್ಲಿ ಎಲ್ಲಾ ಇರಲ್ಲ, ಹೊಸಬ್ರು ಇಲ್ಲೇ ಮೋಸ ಹೋಗೋದು. ಅದರ ಮೇಲೆ ನೆಟ್‌ವರ್ಕ್ ಕೋಡ್‌ಗೆ ನಾನು ಬಿಡದೇ ಹಾಕೋದು ಡಬ್ಲ್ಯೂ-ಅನ್‌ಡೆಫ್, ಡಬ್ಲ್ಯೂ-ಶ್ಯಾಡೋ, ಡಬ್ಲ್ಯೂ-ಕಾಸ್ಟ್-ಅಲೈನ್, ಡಬ್ಲ್ಯೂ-ಮಿಸ್ಸಿಂಗ್-ಪ್ರೋಟೋಟೈಪ್ಸ್, ಡಬ್ಲ್ಯೂ-ನಲ್-ಡಿರೆಫರೆನ್ಸ್. ಎಲ್‌ಡಬ್ಲ್ಯೂಐಪಿಯವ್ರು ತಮ್ಮ ಯುನಿಕ್ಸ್ ಪೋರ್ಟ್ ಬಿಲ್ಡ್‌ನಲ್ಲಿ ಇದಕ್ಕಿಂತ ಉದ್ದದ ಪಟ್ಟಿಯನ್ನೇ ಹಾಕಿ, ಮೇಲಿಂದ ಪ್ರತಿ ವಾರ್ನಿಂಗನ್ನೂ ಎರರ್ ಮಾಡೋ ಡಬ್ಲ್ಯೂ-ಎರರ್ ಬೇರೆ ಕೊಟ್ಟಿದಾರೆ. ಹಾಗಾಗಿ ಸ್ಟ್ಯಾಕ್ ಒಳಗಿನ ಫೈಲಿಂದ ವಾರ್ನಿಂಗ್ ಬಂತು ಅಂದ್ರೆ, ಅವರ ಕೋಡ್ ಬೈಯೋಕೆ ಮುಂಚೆ ನಿಮ್ಮ ಪೋರ್ಟ್‌ನ (ಸ್ಟ್ಯಾಕನ್ನ ನಿಮ್ಮ ಬೋರ್ಡ್‌ಗೆ ಹೊಂದಿಸೋ ಕೋಡ್) ಸಿಸಿ ಹೆಡರ್, ಅಂದ್ರೆ ಕಂಪೈಲರ್, ಚಿಪ್‌ಗೆ ತಕ್ಕ ಸೆಟ್ಟಿಂಗ್ ಇರೋ ಫೈಲ್, ಆಮೇಲೆ ಆಪ್ಟ್ಸ್ ಫೈಲ್ ನೋಡಿ. ನನಗೆ ಬಂದಿರೋದ್ರಲ್ಲಿ ಹೆಚ್ಚಿನ ಪಾಲು ಅಲ್ಲಿಂದಾನೇ.

ಅನ್‌ಡೆಫ್ ಬಗ್ಗೆ ಸ್ವಲ್ಪ ನಿಂತು ಹೇಳ್ಬೇಕು, ಆ ಹುಡುಗನ ಕಥೆ ಇಲ್ಲೇ ಬರೋದು. ಸಿ ಭಾಷೆಯಲ್ಲಿ ಹ್ಯಾಶ್-ಇಫ್ ಪಕ್ಕ ಡಿಫೈನ್ ಆಗದ ಹೆಸರು ಇದ್ರೆ ಅದರ ಬೆಲೆ ಸೊನ್ನೆ ಅಂತ ತಗೋತಾರೆ, ಮಾತಿಲ್ಲ ಕಥೆಯಿಲ್ಲ. ಈಥರ್‌ನೆಟ್ ಹೆಡರ್ 14 ಬೈಟ್, ಅದರ ಹಿಂದೆ ಬರೋ ಐಪಿ ಹೆಡರ್ ನಾಲ್ಕರ ಗಡಿ ಮೇಲೆ ಕೂರಲ್ಲ, ಅದಕ್ಕೆ ಮುಂದೆ ಎರಡು ಬೈಟ್ ತುಂಬಿಸಿ 16 ಮಾಡ್ಕೊಳೋಕೆ ಎತ್-ಪ್ಯಾಡ್-ಸೈಜ್ ಅನ್ನೋ ಮ್ಯಾಕ್ರೋ ಇದೆ. ಇವನು ಆಪ್ಟ್ಸ್ ಫೈಲಲ್ಲಿ ಅದನ್ನ 2 ಮಾಡಿದ್ದ, ಸರಿ. ಆದ್ರೆ ಅವನ ಡಿಎಂಎ (ಪ್ರೊಸೆಸರ್ ಕೈ ಹಾಕದೇ ಡೇಟಾನ ಮೆಮೊರಿಗೆ ತುಂಬೋ ಹಾರ್ಡ್‌ವೇರ್) ಬಫರ್ ನೋಡ್ಕೊಳೋ ಫೈಲ್ ಎಲ್‌ಡಬ್ಲ್ಯೂಐಪಿಯ ಒಂದು ಹೆಡರನ್ನೂ ಇನ್‌ಕ್ಲೂಡ್ ಮಾಡಿರ್ಲಿಲ್ಲ, ಅಲ್ಲಿ ಹ್ಯಾಶ್-ಇಫ್ ಎತ್-ಪ್ಯಾಡ್-ಸೈಜ್ ಅಂತ ಬರೆದಿದ್ದು ಸೊನ್ನೆ ಆಗಿ ಕೂತಿತ್ತು. ಡಿಎಂಎ ಫ್ರೇಮನ್ನ ಬಫರ್‌ನ ಮೊದಲನೇ ಬೈಟಿಂದಾನೇ ತುಂಬ್ತು, ಸ್ಟ್ಯಾಕ್ ಮಾತ್ರ ಎರಡು ಬೈಟ್ ಬಿಟ್ಟು ಓದ್ತು. ಈಥರ್‌ಟೈಪ್, ಅಂದ್ರೆ ಒಳಗಿರೋದು ಯಾವ ಪ್ರೋಟೋಕಾಲ್ ಅಂತ ಹೇಳೋ ಫೀಲ್ಡ್, ಇರ್ಬೇಕಾದ ಜಾಗದಲ್ಲಿ ಅದಕ್ಕೆ ಸಿಕ್ಕಿದ್ದು 45 00, ಅಂದ್ರೆ ಐಪಿ ಹೆಡರ್‌ನ ಮೊದಲ ಎರಡು ಬೈಟ್. ಎಆರ್‌ಪಿ ಪ್ಯಾಕೆಟ್ ಆದ್ರೆ 00 01. ಇಂಥ ಪ್ರೋಟೋಕಾಲ್ ನನಗೆ ಗೊತ್ತಿಲ್ಲ ಅಂತ ಸ್ಟ್ಯಾಕ್ ಬಂದಿದ್ದೆಲ್ಲ ಬಿಸಾಕ್ತಾ ಇತ್ತು, ಪಿಂಗ್ ಎಲ್ಲಿಂದ ಹೋಗ್ಬೇಕು? ಡಬ್ಲ್ಯೂ-ಅನ್‌ಡೆಫ್ ಹಾಕಿದ ತಕ್ಷಣ ಆ ಸಾಲಿನ ನಂಬರ್ ಸಮೇತ ಹೇಳ್ತು. ಎರಡು ದಿನ ವೈರ್‌ಶಾರ್ಕ್ ಮುಂದೆ ಕೂತಿದ್ದ ಪಾಪ.

ಬೆಲೆ ಕೆಡಿಸ್ಬಹುದಾದ ಟೈಪ್ ಬದಲಾವಣೆಗಳನ್ನ ಹೇಳೋ ಡಬ್ಲ್ಯೂ-ಕನ್ವರ್ಷನ್ ಬಗ್ಗೆ ಕೇಳ್ತಾರೆ. ಇಡೀ ಪ್ರಾಜೆಕ್ಟ್‌ಗೆ ಹಾಕಿದ್ರೆ ಮಳೆ ಸುರಿದ ಹಾಗೆ ಸುರಿಯತ್ತೆ, ಅದರಲ್ಲಿ ಒಳ್ಳೇದು ಕೊಚ್ಕೊಂಡು ಹೋಗತ್ತೆ. ನೀವೇ ಬರೆದ ಡ್ರೈವರ್, ಪ್ಯಾಕೆಟ್ ಪಾರ್ಸ್ ಮಾಡೋ ಫೈಲ್, ಅಷ್ಟಕ್ಕೆ ಮಾತ್ರ ಹಾಕಿ, ಸಿಮೇಕ್‌ನಲ್ಲಿ ಫೈಲ್ ಲೆಕ್ಕದಲ್ಲೇ ಫ್ಲಾಗ್ ಕೊಡ್ಬಹುದು. ಅಲ್ಲಿ ಬರೋ ಒಂದೊಂದನ್ನೂ ಓದಿ. ಹೆಡರ್ ಉದ್ದಕ್ಕೆ ಪೇಲೋಡ್ ಉದ್ದ ಕೂಡಿಸಿ 16 ಬಿಟ್ ವೇರಿಯಬಲ್‌ಗೆ ಹಾಕೋ ಕಡೆ ವಾರ್ನಿಂಗ್ ಬಂತು ಅಂತ ಮುಂದೊಂದು ಕಾಸ್ಟ್ (ಬಲವಂತದ ಟೈಪ್ ಬದಲಾವಣೆ) ಅಂಟಿಸಿದ್ರೆ ವಾರ್ನಿಂಗ್ ಹೋಗತ್ತೆ, ಮೊತ್ತ 65535 ದಾಟಿದ ದಿನ ಉದ್ದ ಸೊನ್ನೆಯಿಂದ ಮತ್ತೆ ಶುರುವಾಗತ್ತೆ, ಚಿಕ್ಕ ಬಫರ್‌ಗೆ ದೊಡ್ಡ ಕಾಪಿ. ಕಾಸ್ಟ್ ಹಾಕೋಕೆ ಮುಂಚೆ ಮೇಲಿನ ಸಾಲಲ್ಲಿ ಮಿತಿ ಚೆಕ್ ಮಾಡಿ, ಆಮೇಲೆ ಹಾಕಿ.

ಚಿಪ್ ಕಂಪನಿ ಕೊಡೋ ಹೆಡರ್‌ಗಳಿಂದ ಬರೋ ಗಲಾಟೆ ನಿಲ್ಲಿಸೋಕೆ ಅವುಗಳ ಪಾತನ್ನ ಡ್ಯಾಶ್ ಕ್ಯಾಪಿಟಲ್ ಐ ಬದಲು ಐ-ಸಿಸ್ಟಮ್ ಅಂತ ಕೊಡಿ, ಆಗ ಅದರೊಳಗಿನ ವಾರ್ನಿಂಗ್ ಬರಲ್ಲ. ನಮ್ಮ ಆಪ್ಟ್ಸ್ ಫೈಲ್ ಇರೋ ಫೋಲ್ಡರ್‌ನ ಮಾತ್ರ ಹಾಗೆ ಕೊಡ್ಬೇಡಿ.

ಇನ್ನೂರು ವಾರ್ನಿಂಗ್ ನಡುವೆ ಒಂದು

ನನ್ನ ಕೈಯಲ್ಲೇ ಆದದ್ದು. ಹಿಂದೆ ಒಂದು ಕಡೆ ಮೀಟರ್ ರೀಡಿಂಗ್ ಕಳಿಸೋ ಗೇಟ್‌ವೇ ಮಾಡ್ತಿದ್ವಿ, ಪಿಸಿ ಮೇಲೆ ಸಿಮ್ಯುಲೇಶನ್‌ನಲ್ಲಿ ಎಲ್ಲಾ ಸರಿ, ಬೋರ್ಡ್ ಮೇಲೆ ಲೋಡ್ ಜಾಸ್ತಿಯಾದಾಗ ಮಧ್ಯ ಮಧ್ಯ ಡೇಟಾ ಮಾಯ. ಪೋರ್ಟ್‌ನ ಸಿಸಿ ಹೆಡರ್ ಯಾವುದೋ ಹಳೇ ಪ್ರಾಜೆಕ್ಟಿಂದ ಎತ್ತಿ ತಂದಿದ್ದು, ಅದರಲ್ಲಿ ಎಸ್8-ಟಿ ಅನ್ನೋ ಎಂಟು ಬಿಟ್ ಸೈನ್ಡ್ ಟೈಪನ್ನ ಬರೀ "ಕ್ಯಾರ್" ಅಂತ ಟೈಪ್‌ಡೆಫ್ ಮಾಡಿದ್ರು. ಪಿಸಿಯಲ್ಲಿ ಕ್ಯಾರ್ ಸೈನ್ಡ್, ನಮ್ಮ ಬೋರ್ಡ್‌ನ ಆರ್ಮ್ ಪ್ರೊಸೆಸರ್‌ನಲ್ಲಿ ಡೀಫಾಲ್ಟ್ ಅನ್‌ಸೈನ್ಡ್. ಎಲ್‌ಡಬ್ಲ್ಯೂಐಪಿಯ ಎರರ್ ಟೈಪ್ ಕೂತಿರೋದು ಇದೇ ಎಸ್8-ಟಿ ಮೇಲೆ, ಮೆಮೊರಿ ಸಾಲದು ಅಂತ ಹೇಳೋ ಎರರ್-ಮೆಮ್ ಬೆಲೆ ಮೈನಸ್ 1. ಆರ್ಮ್‌ನಲ್ಲಿ ಅದು 255 ಆಗೋಯ್ತು. ಟಿಸಿಪಿ-ರೈಟ್ ಕರೆದು, ಬಂದಿದ್ದು ಎರರ್-ಮೆಮ್ ಆದ್ರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸು ಅಂತ ನಾನು ಬರೆದಿದ್ದ ಕೋಡ್ ಒಂದು ಸಲಾನೂ ಓಡ್ತಿರ್ಲಿಲ್ಲ, ಯಾಕಂದ್ರೆ 255 ಯಾವತ್ತೂ ಮೈನಸ್ 1ಕ್ಕೆ ಸಮ ಆಗಲ್ಲ.

ಕಂಪೈಲರ್ ಇದನ್ನ ಮೊದಲನೇ ದಿನದಿಂದ ಹೇಳ್ತಾನೇ ಇತ್ತು, ಈ ಹೋಲಿಕೆ ಯಾವಾಗ್ಲೂ ಸುಳ್ಳೇ ಆಗತ್ತೆ ಅಂತ, ಡಬ್ಲ್ಯೂ-ಟೈಪ್-ಲಿಮಿಟ್ಸ್ ಹೆಸರಲ್ಲಿ. ಡಬ್ಲ್ಯೂ-ಎಕ್ಸ್ಟ್ರಾದಲ್ಲೇ ಅದು ಬರತ್ತೆ. ನಮ್ಮ ಬಿಲ್ಡ್ ಲಾಗಲ್ಲಿ ಅದು ಇನ್ನೂರು ಚಿಲ್ಲರೆ ಅನ್‌ಯೂಸ್ಡ್ ಪ್ಯಾರಾಮೀಟರ್ ವಾರ್ನಿಂಗ್‌ಗಳ ಮಧ್ಯ ಎಲ್ಲೋ ಕೂತಿತ್ತು, ಯಾರೂ ಓದಿಲ್ಲ. ಅವತ್ತಿಂದ ಮೊದಲ ಕೆಲಸ ಅಂದ್ರೆ ಕಸ ಗುಡಿಸೋದು. ಬಳಸದ ಪ್ಯಾರಾಮೀಟರ್‌ಗೆ ಎಲ್‌ಡಬ್ಲ್ಯೂಐಪಿಯಲ್ಲೇ ಎಲ್‌ಡಬ್ಲ್ಯೂಐಪಿ-ಅನ್‌ಯೂಸ್ಡ್-ಆರ್ಗ್ ಅನ್ನೋ ಮ್ಯಾಕ್ರೋ ಇದೆ, ಅದನ್ನ ಹಾಕ್ತಾ ಹೋಗಿ, ಒಂದು ಮಧ್ಯಾಹ್ನದ ಕೆಲಸ. ಲಾಗ್ ಖಾಲಿಯಾದ್ಮೇಲೆ ಹೊಸದು ಒಂದು ಬಂದ್ರೂ ಎದ್ದು ಕಾಣತ್ತೆ. ಇನ್ನೊಂದು, ಪಿಸಿ ಮೇಲೆ ಟೆಸ್ಟ್ ಓಡಿಸೋವಾಗ ಎಫ್-ಅನ್‌ಸೈನ್ಡ್-ಕ್ಯಾರ್ ಫ್ಲಾಗ್ ಕೊಡಿ, ಬೋರ್ಡ್ ಥರಾನೇ ನಡ್ಕೊಳತ್ತೆ. ಈಗಿನ ಎಲ್‌ಡಬ್ಲ್ಯೂಐಪಿ ಈ ಟೈಪ್‌ಗಳನ್ನ ತಾನೇ ಎಸ್‌ಟಿಡಿ-ಇಂಟ್ ಹೆಡರಿಂದ ತಗೊಳತ್ತೆ, ಹಳೇ ಸಿಸಿ ಹೆಡರಲ್ಲಿ ಟೈಪ್‌ಡೆಫ್‌ಗಳು ಉಳ್ಕೊಂಡಿದ್ರೆ ತೆಗೆದುಬಿಡಿ.

ಅಲೈನ್‌ಮೆಂಟ್: ಓ-ಝೀರೋದಲ್ಲಿ ಓಡಿ ಓ-ಎಸ್‌ನಲ್ಲಿ ಸಾಯೋದು

ಬೈಟ್ ಪಾಯಿಂಟರನ್ನ 32 ಬಿಟ್ ಪಾಯಿಂಟರ್ ಆಗಿ ಕಾಸ್ಟ್ ಮಾಡಿ ಪ್ಯಾಕೆಟ್ ಓದೋದು ನಮ್ಮೆಲ್ಲರ ಹಳೇ ಚಟ. ಆರ್ಮ್‌ನ ಚಿಕ್ಕ ಪ್ರೊಸೆಸರ್ ಕಾರ್ಟೆಕ್ಸ್-ಎಂ0ನಲ್ಲಿ ವಿಳಾಸ ನಾಲ್ಕರ ಗಡಿ ಮೇಲೆ ಇಲ್ದಿದ್ರೆ ಸೀದಾ ಹಾರ್ಡ್‌ಫಾಲ್ಟ್, ಅದು ಒಂಥರ ಒಳ್ಳೇದೇ, ಮೊದಲ ದಿನವೇ ಗೊತ್ತಾಗತ್ತೆ. ಎಂ3, ಎಂ4ನಲ್ಲಿ ಒಂದೇ ಪದ ಓದೋದನ್ನ ಹಾರ್ಡ್‌ವೇರ್ ಸಹಿಸ್ಕೊಳತ್ತೆ, ಆದ್ರೆ ಆಪ್ಟಿಮೈಸೇಶನ್ ಹೆಚ್ಚಿಸಿದಾಗ (ಓ-ಝೀರೋ ಅಂದ್ರೆ ಆಪ್ಟಿಮೈಸೇಶನ್ ಇಲ್ಲ, ಓ-ಎಸ್ ಅಂದ್ರೆ ಕೋಡ್ ಸೈಜ್ ಚಿಕ್ಕದಾಗೋ ಹಾಗೆ ಆಪ್ಟಿಮೈಸ್) ಕಂಪೈಲರ್ ಪಕ್ಕಪಕ್ಕದ ಎರಡು ಓದನ್ನ ಸೇರಿಸಿ ಎಲ್‌ಡಿಆರ್‌ಡಿ ಇಲ್ಲಾ ಎಲ್‌ಡಿಎಂ ಅನ್ನೋ ಒಂದೇ ಇನ್‌ಸ್ಟ್ರಕ್ಷನ್ ಮಾಡ್ಬಹುದು, ಅವು ಗಡಿ ತಪ್ಪಿದ್ರೆ ಫಾಲ್ಟ್ ಹೊಡೀತವೆ. ಡೀಬಗ್ ಬಿಲ್ಡ್ ತಿಂಗಳುಗಟ್ಟಲೆ ಓಡಿ, ರಿಲೀಸ್ ಬಿಲ್ಡ್ ಐದು ನಿಮಿಷಕ್ಕೆ ಬೀಳೋದು ಹೀಗೆ.

ಡಬ್ಲ್ಯೂ-ಕಾಸ್ಟ್-ಅಲೈನ್ ಆರ್ಮ್ ಬಿಲ್ಡ್‌ನಲ್ಲಿ ಇಂಥ ಕಾಸ್ಟ್‌ಗಳನ್ನ ತೋರಿಸತ್ತೆ. ಪಿಸಿ ಬಿಲ್ಡ್‌ನಲ್ಲಿ ಬಾಯೇ ಬಿಡಲ್ಲ, ಅಲ್ಲಿ ಅದರ ಕೊನೇಲಿ "ಈಕ್ವಲ್ ಸ್ಟ್ರಿಕ್ಟ್" ಸೇರಿಸ್ಬೇಕು, ಜಿಸಿಸಿ ಕಂಪೈಲರ್‌ನ 8ನೇ ವರ್ಷನ್‌ನಿಂದ ಇದೆ. ಸರಿ ಮಾಡೋದು ಸುಲಭ, ಲೋಕಲ್ ವೇರಿಯಬಲ್‌ಗೆ ಮೆಮ್‌ಕಾಪಿ ಮಾಡಿ ಅಲ್ಲಿಂದ ಓದಿ. ಸ್ಪೀಡ್ ಹೋಗತ್ತೆ ಅಂತ ಹೆದರ್ಬೇಡಿ, ನಾಲ್ಕು ಬೈಟ್ ಮೆಮ್‌ಕಾಪಿಯನ್ನ ಜಿಸಿಸಿ ಸಾಧ್ಯ ಇರೋ ಕಡೆ ಒಂದೇ ಲೋಡ್ ಇನ್‌ಸ್ಟ್ರಕ್ಷನ್ ಮಾಡತ್ತೆ. ಪ್ಯಾಕ್ಡ್ ಸ್ಟ್ರಕ್ಟ್ ಒಳಗಿನ ಫೀಲ್ಡ್‌ನ ವಿಳಾಸ ತಗೊಂಡು ಬೇರೆ ಫಂಕ್ಷನ್‌ಗೆ ಕೊಟ್ರೂ ಇದೇ ಕಥೆ, ಜಿಸಿಸಿ 9ರಿಂದ ಡೀಫಾಲ್ಟ್ ಆಗೇ ವಾರ್ನಿಂಗ್ ಬರತ್ತೆ. ಅದನ್ನ ಪ್ರಾಗ್ಮಾ ಹಾಕಿ ಮುಚ್ಚಿದೋರು ನನಗೆ ಗೊತ್ತು, ಆಮೇಲೆ ಫೀಲ್ಡ್‌ಗೆ ಹೋಗಿ ಬೋರ್ಡ್ ಬದಲಾಯಿಸಿ ಬಂದಿದ್ದೂ ಗೊತ್ತು. ಮತ್ತೆ ಮೆಮ್-ಅಲೈನ್‌ಮೆಂಟ್ ಮ್ಯಾಕ್ರೋ ನೋಡ್ಕೊಳಿ, ಡೀಫಾಲ್ಟ್ 1, ಕಾರ್ಟೆಕ್ಸ್-ಎಂನಲ್ಲಿ 4 ಇರ್ಬೇಕು.

ವಾರ್ನಿಂಗ್ ಅನ್ನೋದು ಆಪ್ಟಿಮೈಸೇಶನ್ ಮೇಲೂ ನಿಂತಿದೆ. ಇನಿಷಿಯಲೈಸ್ ಮಾಡದೇ ಬಳಸಿರ್ಬಹುದು ಅನ್ನೋ ಡಬ್ಲ್ಯೂ-ಮೇಬಿ-ಅನ್‌ಇನಿಷಿಯಲೈಸ್ಡ್‌ಗೆ ಡೇಟಾ ಹರಿವು ಲೆಕ್ಕ ಹಾಕೋಕೆ ಆಪ್ಟಿಮೈಸರ್ ಬೇಕು, ಓ-ಝೀರೋದಲ್ಲಿ ಅದರಿಂದ ಹೆಚ್ಚೇನೂ ನಿರೀಕ್ಷೆ ಮಾಡ್ಬೇಡಿ. ಸಿಐನಲ್ಲಿ, ಅಂದ್ರೆ ಪ್ರತಿ ಬದಲಾವಣೆಗೂ ತಾನೇ ಬಿಲ್ಡ್ ಮಾಡೋ ಸರ್ವರ್‌ನಲ್ಲಿ, ಓ-ಜಿ (ಡೀಬಗ್‌ಗೆ ಹೊಂದೋ ಆಪ್ಟಿಮೈಸೇಶನ್), ಓ-ಎಸ್ ಎರಡರಲ್ಲೂ ಬಿಲ್ಡ್ ಮಾಡ್ಸಿ.

ಕಂಪೈಲರ್ ಅಳಿಸಿ ಹಾಕಿದ ಚೆಕ್

ಡಬ್ಲ್ಯೂ-ನಲ್-ಡಿರೆಫರೆನ್ಸ್ ಯಾಕೆ ಅಂತ ಕೇಳೋರಿಗೆ ಲಿನಕ್ಸ್ ಕರ್ನಲ್‌ದೇ ಉದಾಹರಣೆ ಇದೆ. 2009ರಲ್ಲಿ, 2.6.30 ಕರ್ನಲ್‌ನ ಟನ್ ಡ್ರೈವರ್‌ನಲ್ಲಿ, ವಿಪಿಎನ್‌ಗಳು ಬಳಸೋ ಅದೇ ವರ್ಚುವಲ್ ನೆಟ್‌ವರ್ಕ್ ಡಿವೈಸ್, ಪೋಲ್ ಫಂಕ್ಷನ್ ಶುರುವಿನಲ್ಲೇ ಟನ್ ಪಾಯಿಂಟರ್ ಒಳಗಿಂದ ಸಾಕೆಟ್ ಎತ್ಕೊಂಡು, ಅದಾದ್ಮೇಲೆ ಟನ್ ನಲ್ ಆಗಿದ್ಯಾ ಅಂತ ಚೆಕ್ ಮಾಡ್ತಿತ್ತು. ಮೊದಲೇ ಅದರೊಳಗೆ ಕೈ ಹಾಕಿ ಆಗಿದೆ, ಅಂದ್ಮೇಲೆ ಅದು ನಲ್ ಇರೋಕೆ ಸಾಧ್ಯಾನೇ ಇಲ್ಲ ಅಂತ ಲೆಕ್ಕ ಹಾಕಿ ಜಿಸಿಸಿ ಆ ಚೆಕ್ಕನ್ನೇ ಅಳಿಸಿಬಿಡ್ತು. ಸೊನ್ನೆ ವಿಳಾಸಕ್ಕೆ ಮೆಮೊರಿ ಮ್ಯಾಪ್ ಮಾಡ್ಕೊಂಡವ್ರಿಗೆ ಅದು ರೂಟ್ ಆಗೋ ದಾರಿ ಆಯ್ತು, ಸಿವಿಇ-2009-1897 ಅಂತ ದಾಖಲಾಗಿದೆ. ಆಮೇಲೆ ಕರ್ನಲ್ ಬಿಲ್ಡ್‌ಗೆ ಎಫ್-ನೋ-ಡಿಲೀಟ್-ನಲ್-ಪಾಯಿಂಟರ್-ಚೆಕ್ಸ್ ಫ್ಲಾಗ್ ಸೇರಿಸಿದ್ರು.

ನಮ್ಮ ಬೋರ್ಡ್‌ಗೆ ಇದು ಇನ್ನೂ ಹತ್ರ. ಕಾರ್ಟೆಕ್ಸ್-ಎಂನಲ್ಲಿ ಸೊನ್ನೆ ವಿಳಾಸ ಅನ್ನೋದು ಸಾಮಾನ್ಯವಾಗಿ ನಿಜವಾದ ಮೆಮೊರಿ, ವೆಕ್ಟರ್ ಟೇಬಲ್ ಅಲ್ಲೇ ಶುರು. ನಲ್ ಪಾಯಿಂಟರಿಂದ ಓದಿದ್ರೆ ಫಾಲ್ಟ್ ಬರಲ್ಲ, ಸ್ಟ್ಯಾಕ್ ಪಾಯಿಂಟರ್‌ನ (ಇದು ಪ್ರೊಸೆಸರ್‌ನ ಸ್ಟ್ಯಾಕ್, ನೆಟ್‌ವರ್ಕ್ ಸ್ಟ್ಯಾಕ್ ಅಲ್ಲ) ಶುರುವಿನ ಬೆಲೆ ಡೇಟಾ ಅಂತ ಕೈಗೆ ಬರತ್ತೆ, ಕೋಡ್ ಆರಾಮಾಗಿ ಮುಂದಕ್ಕೆ ಹೋಗತ್ತೆ. ಪ್ಯಾಕೆಟ್‌ಗೆ ಬಫರ್ ಕೊಡೋ ಪಿಬಫ್-ಅಲಾಕ್ ಫಂಕ್ಷನ್ ನಲ್ ಕೊಟ್ಟಾಗ ಚೆಕ್ ಇಲ್ಲಾಂದ್ರೆ ಆಗೋದು ಇದೇ. ಹಾಗಾಗಿ ಪಾಯಿಂಟರ್ ಬಂದ ಮರುಸಾಲೇ ಚೆಕ್, ಆಮೇಲೆ ಬಳಕೆ.

ಎರಡು ಕಡೆ ಎರಡು ಕಾನ್ಫಿಗ್

ಇದಕ್ಕಿಂತ ಕೆಟ್ಟದ್ದು ನಾನು ನೋಡಿಲ್ಲ. ಎಲ್‌ಡಬ್ಲ್ಯೂಐಪಿ ಒಂದು ಲೈಬ್ರರಿ ಆಗಿ ಬೇರೆ ಬಿಲ್ಡ್ ಆಗಿರತ್ತೆ, ಐಪಿವಿ6 ಆನ್. ನಮ್ಮ ಅಪ್ಲಿಕೇಶನ್‌ಗೆ ಸಿಕ್ಕಿರೋ ಆಪ್ಟ್ಸ್ ಫೈಲ್ ಬೇರೆ ಫೋಲ್ಡರ್‌ದು, ಐಪಿವಿ6 ಆಫ್. ನೆಟ್‌ವರ್ಕ್ ಇಂಟರ್‌ಫೇಸ್‌ನ ವಿವರ ಇಡೋ ನೆಟ್‌ಇಫ್ ಸ್ಟ್ರಕ್ಟ್ ಎರಡು ಕಡೆ ಎರಡು ಸೈಜ್, ಒಂದೇ ಫೀಲ್ಡ್ ಬೇರೆ ಬೇರೆ ಜಾಗದಲ್ಲಿ. ಎರಡೂ ಕಡೆ ಕಂಪೈಲ್ ಕ್ಲೀನ್, ಲಿಂಕ್ ಕ್ಲೀನ್, ಓಡಿಸಿದ್ರೆ ಪಕ್ಕದ ವೇರಿಯಬಲ್ ಕೊಳೀತಾ ಹೋಗತ್ತೆ. ಇದಕ್ಕೆ ನಾವೇ ಬೇಲಿ ಕಟ್ಕೋಬೇಕು. ನೆಟ್‌ಇಫ್ ಸ್ಟ್ರಕ್ಟ್‌ನ ಸೈಜನ್ನ ಒಂದು ಕಾನ್ಸ್ಟಂಟ್ ವೇರಿಯಬಲ್ ಆಗಿ ಲೈಬ್ರರಿ ಜೊತೆ ಬಿಲ್ಡ್ ಆಗೋ ಒಂದು ಫೈಲಲ್ಲಿ ಇಡಿ, ಅಪ್ಲಿಕೇಶನ್ ಶುರುವಾದಾಗ ತನ್ನ ಸೈಜ್‌ಆಫ್ ಜೊತೆ ಹೋಲಿಸಿ, ಬೇರೆ ಇದ್ರೆ ಅಲ್ಲೇ ನಿಲ್ಲಿಸಿ. ಟಿಸಿಪಿ ಪಿಸಿಬಿಗೂ ಹಂಗೇ ಮಾಡಿ. ಅದಕ್ಕಿಂತ ಒಳ್ಳೇದು ಸ್ಟ್ಯಾಕನ್ನ ಸೋರ್ಸಿಂದಾನೇ ಅಪ್ಲಿಕೇಶನ್ ಜೊತೆ ಬಿಲ್ಡ್ ಮಾಡೋದು, ಸಿಮೇಕ್ ಬಳಸೋರಿಗೆ ಸ್ಟ್ಯಾಕ್ ಜೊತೆಗೇ ಫೈಲ್‌ಲಿಸ್ಟ್ಸ್ ಅನ್ನೋ ಸಿಮೇಕ್ ಫೈಲ್ ಬರತ್ತೆ.

ಆರ್ಮ್ ಲಿಂಕರ್ ಒಂದು ವಾರ್ನಿಂಗ್ ಕೊಡತ್ತೆ, ಈ ಆಬ್ಜೆಕ್ಟ್‌ನಲ್ಲಿ ಈನಮ್ ಸೈಜ್ ಬದಲಾಗೋ ಥರ ಇದೆ, ಔಟ್‌ಪುಟ್‌ನಲ್ಲಿ 32 ಬಿಟ್, ದಾಟಿಸಿದ್ರೆ ಕೆಡ್ಬಹುದು ಅಂತ. ಲಿಂಕರ್ ವಾರ್ನಿಂಗನ್ನ ಜನ ಓದೋದೇ ಇಲ್ಲ. ಇದು ಬಂತು ಅಂದ್ರೆ ಯಾವುದೋ ಲೈಬ್ರರಿ ಎಫ್-ಶಾರ್ಟ್-ಈನಮ್ಸ್ ವಿಷಯದಲ್ಲಿ ನಿಮ್ಮ ಹಾಗೆ ಬಿಲ್ಡ್ ಆಗಿಲ್ಲ ಅಂತ ಅರ್ಥ, ಆ ಲೈಬ್ರರಿನ ಮತ್ತೆ ಬಿಲ್ಡ್ ಮಾಡ್ಸಿ.

ಅಸರ್ಟ್‌ಗಳು, ಅಂದ್ರೆ ಹೀಗೇ ಇರ್ಬೇಕು, ಇಲ್ಲಾಂದ್ರೆ ನಿಲ್ಲಿಸು ಅಂತ ಕೋಡಲ್ಲಿ ಹಾಕೋ ಚೆಕ್‌ಗಳು, ಇದೇ ಜಾತಿಗೆ ಸೇರಿದ್ದು. ರಿಲೀಸ್‌ನಲ್ಲಿ ಎಲ್‌ಡಬ್ಲ್ಯೂಐಪಿ-ನೋಅಸರ್ಟ್ ಡಿಫೈನ್ ಮಾಡಿದ್ರೆ ಅಸರ್ಟ್ ಒಳಗಿನ ಕೋಡ್ ಮಾಯ. ಒಳಗೆ ಫಂಕ್ಷನ್ ಕರೆದಿದ್ರೆ ಅದೂ ಮಾಯ. "ವೇರಿಯಬಲ್ ಸೆಟ್ ಮಾಡಿದೀರ, ಬಳಸಿಲ್ಲ" ಅಂತ ರಿಲೀಸ್ ಬಿಲ್ಡ್‌ನಲ್ಲಿ ಮಾತ್ರ ವಾರ್ನಿಂಗ್ ಬಂದ್ರೆ ಇದನ್ನೇ ಮೊದ್ಲು ನೋಡಿ. ಡೀಬಗ್ ಬಿಲ್ಡ್‌ನಲ್ಲಿ ಎಲ್‌ಡಬ್ಲ್ಯೂಐಪಿ-ಅಸರ್ಟ್-ಕೋರ್-ಲಾಕ್ಡ್ ಮ್ಯಾಕ್ರೋಗೆ ನಿಮ್ಮ ಆರ್‌ಟಿಓಎಸ್‌ನ (ಬೋರ್ಡ್ ಮೇಲೆ ಥ್ರೆಡ್‌ಗಳನ್ನ ಓಡಿಸೋ ಚಿಕ್ಕ ಆಪರೇಟಿಂಗ್ ಸಿಸ್ಟಮ್) ಚೆಕ್ ಫಂಕ್ಷನ್ ಕೊಡೋದು ಮರೀಬೇಡಿ. ತಪ್ಪು ಥ್ರೆಡ್ಡಿಂದ ಸ್ಟ್ಯಾಕ್‌ನ ರಾ ಎಪಿಐ ಕರೆಯೋದನ್ನ ಯಾವ ವಾರ್ನಿಂಗೂ ಹಿಡಿಯಲ್ಲ, ಇದೊಂದೇ ಹಿಡಿಯೋದು.

ಡಬ್ಲ್ಯೂ-ಎರರ್ ಎಲ್ಲಿ ಹಾಕ್ಬೇಕು

ಸಿಐನಲ್ಲಿ ಹಾಕಿ, ಟೂಲ್‌ಚೈನ್ ವರ್ಷನ್ ಲಾಕ್ ಮಾಡಿ ಹಾಕಿ. ಬೇರೆಯವ್ರಿಗೆ ಕೊಡೋ ಸೋರ್ಸ್ ಪ್ಯಾಕೇಜ್‌ನಲ್ಲಿ ಡೀಫಾಲ್ಟ್ ಆಗಿ ಇಡ್ಬೇಡಿ, ಹೊಸ ಕಂಪೈಲರ್ ಹೊಸ ವಾರ್ನಿಂಗ್ ತರತ್ತೆ, ಅವರ ಬಿಲ್ಡ್ ಸುಮ್ಮನೆ ಮುರಿಯತ್ತೆ. ಲಿನಕ್ಸ್ ಕರ್ನಲ್‌ನಲ್ಲೇ 2021ರಲ್ಲಿ 5.15ಕ್ಕೆ ಎಲ್ಲರಿಗೂ ಆನ್ ಮಾಡಿ, ಗಲಾಟೆಯಾಗಿ ಕೆಲವೇ ದಿನದಲ್ಲಿ ಡೀಫಾಲ್ಟನ್ನ ಟೆಸ್ಟ್ ಬಿಲ್ಡ್‌ಗಳಿಗೆ ಸೀಮಿತ ಮಾಡಿದ್ರು.

ಕಂಪೈಲರ್ ಅಪ್‌ಗ್ರೇಡ್‌ಗೆ ಯಾವಾಗ್ಲೂ ಬೇರೆ ಬ್ರಾಂಚ್ ಇಡಿ. ಜಿಸಿಸಿ 10ರಲ್ಲಿ ಎಫ್-ನೋ-ಕಾಮನ್ ಡೀಫಾಲ್ಟ್ ಆಯ್ತು, ಹೆಡರ್‌ನಲ್ಲಿ ಎಕ್ಸ್‌ಟರ್ನ್ ಇಲ್ದೇ ಗ್ಲೋಬಲ್ ಬರೆದಿದ್ದ ಕೋಡೆಲ್ಲ ಮಲ್ಟಿಪಲ್ ಡೆಫನಿಷನ್ ಅಂತ ಲಿಂಕ್‌ನಲ್ಲಿ ಬಿತ್ತು. 2024ರ ಜಿಸಿಸಿ 14ರಲ್ಲಿ ಡಿಕ್ಲೇರ್ ಮಾಡದ ಫಂಕ್ಷನ್ ಕರೆಯೋದು ವಾರ್ನಿಂಗಿಂದ ಎರರ್‌ಗೆ ಬಡ್ತಿ ಆಯ್ತು. ಬ್ರಾಂಚಲ್ಲಿ ಮೊದ್ಲು ಡಬ್ಲ್ಯೂ-ಎರರ್ ತೆಗೆದು ಒಂದು ಸಲ ಬಿಲ್ಡ್ ಮಾಡಿ, ಹಳೇ ಲಾಗ್, ಹೊಸ ಲಾಗ್ ಡಿಫ್ ಮಾಡಿ, ಹೊಸದಾಗಿ ಬಂದಿದ್ದನ್ನ ಒಂದೊಂದಾಗಿ ಸರಿ ಮಾಡಿ, ಒಂದು ಥರದ ವಾರ್ನಿಂಗ್‌ಗೆ ಒಂದು ಕಮಿಟ್. ಮ್ಯಾಕ್ರೋ ಪಟ್ಟಿನೂ ಹೊಸ ಕಂಪೈಲರಿಂದ ಮತ್ತೆ ತೆಗೆದು ಹಳೇದರ ಪಕ್ಕ ಇಟ್ಟು ನೋಡಿ. ಅದಾದ್ಮೇಲೆ ಡಬ್ಲ್ಯೂ-ಎರರ್ ವಾಪಸ್ ಹಾಕಿ ಮೇನ್‌ಗೆ ಮರ್ಜ್ ಮಾಡಿ.